ಯಜಮಾನನಿಲ್ಲದ ಹುಡುಗರು

ಅಂತರಿಕ್ಷದಲ್ಲಿ ನೌಕೆ ಕೆಟ್ಟು, ಹಿರಿಯರೆಲ್ಲ ಗತಿಸಿ, ತರುಣರಷ್ಟೇ ಉಳಿದರೆ ಅವರು ತಮ್ಮನ್ನು ತಾವು ಆಳಿಕೊಂಡಾರೆ? ಕಥೆಗಾರರು ಬಹುಕಾಲದಿಂದ ಕೇಳುತ್ತಿರುವ ಪ್ರಶ್ನೆಯಿದು. ಕಚ್ಚಾಡಿ ಸಾಯುವರೆಂಬುದೇ ಹಲವರ ಉತ್ತರ. ವಿಲಿಯಂ ಗೋಲ್ಡಿಂಗರು 1954ರ ತಮ್ಮ ಕಾದಂಬರಿಯಲ್ಲಿ ನಿರ್ಜನ ನಡುಗಡ್ಡೆಯ ಹುಡುಗರನ್ನು ಕೊಲೆಗೂ ಹೇಸದವರನ್ನಾಗಿ ಮಾಡಿದರು. ನಾವಂತೂ ಇದನ್ನು ಒಪ್ಪಲಾರೆವು.

ಅಂತರಿಕ್ಷದಲ್ಲಿ ಹೀಗೆ ಸಿಲುಕಿದ ಹುಡುಗರು ಇನ್ನೂ ಇಲ್ಲ, ಸಮುದ್ರದಲ್ಲಿ ಇದ್ದರು. 1965ರ ಜೂನ್ ತಿಂಗಳಲ್ಲಿ, ಪೆಸಿಫಿಕ್ ಸಾಗರದ ಟೊಂಗಾ ದೇಶದ ಬೋರ್ಡಿಂಗ್ ಶಾಲೆಯೊಂದರ ಆರು ಹುಡುಗರು ಬೇಸತ್ತು, ಮೀನುಗಾರನೊಬ್ಬನ ದೋಣಿಯನ್ನು ಹೇಳದೆ ಕೇಳದೆ ಒಯ್ದರು. ಬಿರುಗಾಳಿಗೆ ಹಾಯಿ ಹರಿಯಿತು, ಚುಕ್ಕಾಣಿ ಮುರಿಯಿತು. ಎಂಟು ದಿನ ತೇಲಿ, ಅಟಾ ಎಂಬ ಜನವಸತಿಯಿಲ್ಲದ ನಡುಗಡ್ಡೆಯನ್ನು ಸೇರಿದರು. ಅಲ್ಲಿ ಕಳೆದುದು ಹದಿನೈದು ತಿಂಗಳು! ತೋಟ, ಅಡುಗೆ, ಕಾವಲು ಇವುಗಳಿಗೆ ಇಬ್ಬಿಬ್ಬರಂತೆ ಸರದಿ ಹಚ್ಚಿಕೊಂಡರು. ಮರದ ಬೊಡ್ಡೆ ಕೊರೆದು ಮಳೆನೀರು ಹಿಡಿದರು. ಕಟ್ಟಿಗೆ ಉಜ್ಜಿ ಹೊತ್ತಿಸಿದ ಬೆಂಕಿಯನ್ನು ಆರಗೊಡಲಿಲ್ಲ. ಒಬ್ಬನ ಕಾಲು ಮುರಿದಾಗ ಕೋಲು ಕಟ್ಟಿ ಕೂಡಿಸಿ, ಅವನ ಪಾಲಿನ ಕೆಲಸವನ್ನೂ ಉಳಿದವರೇ ಮಾಡಿದರು. ಜಗಳಗಳೂ ಆದವು, ಆದಾಗ ಇಬ್ಬರೂ ನಡುಗಡ್ಡೆಯ ಒಂದೊಂದು ತುದಿಗೆ ಹೋಗಿ, ಸಿಟ್ಟು ಇಳಿದ ಮೇಲೆ ಮರಳಿ ಬಂದು ಕ್ಷಮೆ ಕೇಳಬೇಕೆಂಬುದು ಕಟ್ಟಳೆ. ಈ ಕಟ್ಟಳೆಯು ನಮಗೆ ಆ ಬೆಂಕಿಗಿಂತಲೂ ದೊಡ್ಡದಾಗಿ ಕಾಣುತ್ತದೆ. ಒಂದೇ ಕೋಣೆಯಲ್ಲಿ ಎಂಟು ಹತ್ತು ಚಾಪೆ ಹಾಸಿ ಮಲಗಿ ಬಲ್ಲ ನಮ್ಮ ಓದುಗರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

1966ರ ಸೆಪ್ಟೆಂಬರ್ 11ರಂದು ಆಸ್ಟ್ರೇಲಿಯದ ಪೀಟರ್ ವಾರ್ನರ್ ಅವರನ್ನು ಕಂಡು ಊರಿಗೆ ಕರೆತಂದರು. ಬಂದೊಡನೆ ದೋಣಿಯ ಕಳವಿಗಾಗಿ ಪೊಲೀಸರು ಹಿಡಿದರು! ವಾರ್ನರರೇ ಬೆಲೆ ತೆತ್ತು ಬಿಡಿಸಬೇಕಾಯಿತು.

ಅವರು ಮೊದಲೇ ಸ್ನೇಹಿತರು, ಕೈಕೆಲಸ ಬಲ್ಲವರು, ಅಪರಿಚಿತರಾಗಿದ್ದರೆ ಹೀಗೆ ಆಗುತ್ತಿತ್ತೇ ಎಂದು ಕೇಳಬಹುದು. ಆ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಅದು ಅಭ್ಯಾಸದ ಮಾತಾಯಿತೇ ಹೊರತು ತಾರುಣ್ಯದ ದೋಷವಾಗಲಿಲ್ಲ.

ಅಮೆರಿಕದ ನಾಸಾ ಸಂಸ್ಥೆಯ ಹಣದಿಂದ, ಹವಾಯಿಯ ಮೌನಾ ಲೋವಾ ಪರ್ವತದ ಗುಮ್ಮಟವೊಂದರಲ್ಲಿ 2015ರ ಆಗಸ್ಟಿನಿಂದ ಒಂದು ವರ್ಷ ಆರು ಮಂದಿಯನ್ನೇ ಇರಿಸಿ, ಮಂಗಳಯಾತ್ರಿಕರು ಒಟ್ಟಿಗೆ ಹೇಗೆ ಬಾಳಿಯಾರೆಂದು ಪರೀಕ್ಷಿಸಿದರು. ಹೊರಗಿನೊಡನೆ ಆಡುವ ಮಾತು ಮುಟ್ಟಲು ಇಪ್ಪತ್ತು ನಿಮಿಷ, ಉತ್ತರ ಬರಲು ಮತ್ತೆ ಇಪ್ಪತ್ತು ನಿಮಿಷ ಎಂದು ನಿಯಮವಿಟ್ಟಿದ್ದರು. ಗಾಳಿ ಸೋರತೊಡಗಿದ ನೌಕೆಯಲ್ಲಿ ನಲವತ್ತು ನಿಮಿಷ ಅಪ್ಪಣೆಗಾಗಿ ಕಾಯುವುದೆಂತು? ನಾಳೆ ಅಲ್ಲಿಗೆ ಹೋಗುವವರು ಇಂದು ಶಾಲೆಯಲ್ಲಿದ್ದಾರೆ. ವಿದ್ಯಾರ್ಥಿನಿಲಯದ ಅಡುಗೆಯ ಲೆಕ್ಕವನ್ನೂ ಕೆಲಸದ ಸರದಿಯನ್ನೂ ಅವರ ಕೈಗೇ ಈಗಲೇ ಒಪ್ಪಿಸಲು ಮೇಲ್ವಿಚಾರಕರಿಗೆ ಅಡ್ಡಿಯೇನು?