ಆತ್ಮಸಾಕ್ಷಿಗೆ ಮುಸುಕು ಏಕೆ?

ರಾಷ್ಟ್ರಪತಿ ಚುನಾವಣೆ ಬಂತೆಂದರೆ ಒಂದು ಮಾತು ಕೇಳಿ ನನಗೆ ಮೈಯುರಿಯುತ್ತದೆ. ‘ಆತ್ಮಸಾಕ್ಷಿಯ ಮತ’ ಎಂಬ ಮಾತು ಅದು. 2022ರಲ್ಲಿಯೂ ಕೇಳಿಬಂತು. ಯಶವಂತ ಸಿನ್ಹಾ ಅವರು ಆತ್ಮಸಾಕ್ಷಿಗೆ ತಕ್ಕಂತೆ ಮತ ಕೊಡಿ ಎಂದು ಕರೆಯಿತ್ತರು. ಕೊನೆಗೆ ನೋಡಿದರೆ ಅವರನ್ನು ಬೆಂಬಲಿಸಬೇಕಿದ್ದ ಪಕ್ಷಗಳವರೇ ಹಲವರು ದ್ರೌಪದಿ ಮುರ್ಮು ಅವರಿಗೆ ಮತ ಹಾಕಿದ್ದರು. ಕೆಲವರು ಬಾಯಿಬಿಟ್ಟು ಹೇಳಿದರು. ಉಳಿದವರು ಯಾರೆಂದು ಅವರನ್ನು ಆರಿಸಿ ಕಳಿಸಿದ ಊರಿನವರಿಗೆ ಇಂದಿಗೂ ಗೊತ್ತಿಲ್ಲ. ಹೆಸರು ಹೇಳಲು ಅಂಜುವ ಆತ್ಮಸಾಕ್ಷಿ ಎಂಥದು, ನೀವೇ ಹೇಳಿ.

ನನ್ನ ಸಿಟ್ಟಿಗೆ ಮನೆಯದೇ ಒಂದು ಕಾರಣವಿದೆ. ಚಿತ್ರದುರ್ಗ ಜಿಲ್ಲೆಯ ನಮ್ಮ ಹಳ್ಳಿಮನೆಯ ಅಂಗಳದಲ್ಲಿ ಒಂದು ಮೋಟು ಗೋಡೆ ಇದೆ. ಈಚೆ ಅಪ್ಪ, ಆಚೆ ಚಿಕ್ಕಪ್ಪ. ನಾನು ಹುಟ್ಟಿದ್ದು 1970ರಲ್ಲಿ, ಗೋಡೆ ಎದ್ದ ವರ್ಷವೇ. ಜಮೀನಿಗಾಗಿ ಅಣ್ಣತಮ್ಮಂದಿರು ಬೇರೆಯಾಗುವುದನ್ನು ಕಂಡಿದ್ದೇವೆ. ನಮ್ಮವರು ಬೇರೆಯಾದದ್ದು ದೆಹಲಿಯ ರಾಷ್ಟ್ರಪತಿ ಭವನದಲ್ಲಿ ಯಾರು ಕೂರಬೇಕೆಂಬ ವಿಚಾರಕ್ಕೆ!

ಇಬ್ಬರೂ ಖಾದಿ ತೊಡುವ ಕಾಂಗ್ರೆಸ್ಸಿಗರು. 1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿದಾಗ ಒಂದೇ ಬಸ್ಸಿನಲ್ಲಿ, ಒಂದೇ ಬುತ್ತಿ ಕಟ್ಟಿಕೊಂಡು ನೋಡಲು ಹೋದವರು. ಡಾ. ಜಾಕಿರ್ ಹುಸೇನರು ಅದೇ ಮೇ 3ರಂದು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡಿದ್ದರು. ಅವರ ಜಾಗಕ್ಕೆ ಯಾರು? ಪ್ರಧಾನಿ ಇಂದಿರಾ ಗಾಂಧಿಯವರು ಜಗಜೀವನ ರಾಮ್ ಹೆಸರು ಹೇಳಿದರು. ಪಕ್ಷದ ಸಂಸದೀಯ ಮಂಡಳಿಯ ಬಹುಮತ ಲೋಕಸಭೆಯ ಸ್ಪೀಕರ್ ನೀಲಂ ಸಂಜೀವ ರೆಡ್ಡಿಯವರ ಕಡೆ ಹೋಯಿತು. ಪಕ್ಷದ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ಚಿತ್ರದುರ್ಗದಲ್ಲಿ ವಕೀಲಿ ಮಾಡಿದವರು, ಅಪ್ಪನ ಪಾಲಿಗೆ ಮನೆಯ ಹಿರಿಯರಿದ್ದಂತೆ.

ಮುಂದಿನದೆಲ್ಲ ಬಿರುಗಾಳಿ. ಜುಲೈ 16ರಂದು ಮೊರಾರ್ಜಿ ದೇಸಾಯಿಯವರ ಕೈಯಿಂದ ಹಣಕಾಸು ಖಾತೆ ಹೋಯಿತು. 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಉಪರಾಷ್ಟ್ರಪತಿ ವಿ.ವಿ. ಗಿರಿಯವರು ರಾಜೀನಾಮೆ ಕೊಟ್ಟು ಸ್ವತಂತ್ರವಾಗಿ ಕಣಕ್ಕಿಳಿದರು. ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ್ದ ಇಂದಿರಾ ಅವರೇ, ಅವರಿಗೆ ಮತ ಕೊಡಿರೆಂದು ವಿಪ್ ಹೊರಡಿಸಲು ಒಪ್ಪಲಿಲ್ಲ. ಮನಸ್ಸಾಕ್ಷಿಯಂತೆ ಮತ ಹಾಕಿ ಎಂಬ ಕರೆ ಹೊರಟಿತು. ಇತ್ತ ನಿಜಲಿಂಗಪ್ಪನವರು ಎರಡನೆಯ ಪ್ರಾಶಸ್ತ್ಯದ ಮತಗಳಿಗಾಗಿ ಸ್ವತಂತ್ರ ಪಕ್ಷ, ಜನಸಂಘಗಳವರೊಡನೆ ಮಾತಾಡಿದರು. ಆ ಪಕ್ಷಗಳ ಅಭ್ಯರ್ಥಿ ಸಿ.ಡಿ. ದೇಶಮುಖ್.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಮತಮೌಲ್ಯದ ಲೆಕ್ಕದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಗೆಲ್ಲಲು ಬೇಕಿದ್ದದ್ದು 4,18,169. ಯಾರಿಗೂ ಅಷ್ಟು ಬರಲಿಲ್ಲ. ಎರಡನೆಯ ಪ್ರಾಶಸ್ತ್ಯ ಎಣಿಸಿದ ಮೇಲೆ ಗಿರಿ 4,20,077, ರೆಡ್ಡಿ 4,05,427. ಪಂಚಾಯಿತಿ ಕಟ್ಟೆಯ ರೇಡಿಯೋ ಮುಂದೆ ಕೂತಿದ್ದ ಚಿಕ್ಕಪ್ಪ ಚಪ್ಪಾಳೆ ತಟ್ಟಿದರಂತೆ. ಅಪ್ಪ ಎದ್ದು ಮನೆಗೆ ಬಂದರಂತೆ. ನವೆಂಬರ್ 12ರಂದು ಪಕ್ಷ ಇಂದಿರಾ ಅವರನ್ನು ಉಚ್ಚಾಟಿಸಿತು, ಕಾಂಗ್ರೆಸ್ ಎರಡಾಯಿತು. ಮರುವರ್ಷ ನಮ್ಮ ಅಂಗಳವೂ ಎರಡಾಯಿತು.

ಈಗ ವಾದಕ್ಕೆ ಬರುತ್ತೇನೆ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತ ಮೂವತ್ತು ವರ್ಷ ಕಳೆದವಳು ನಾನು. ಈ ಕಥೆಯನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಹೇಳುತ್ತಾರೆ. ಒಂದು, ಹಳೆಯ ತಲೆಗಳ ದರ್ಬಾರಿನ ವಿರುದ್ಧ ಆತ್ಮಸಾಕ್ಷಿ ಗೆದ್ದಿತು. ಇನ್ನೊಂದು, ಶಿಸ್ತಿನ ಪಕ್ಷವನ್ನು ಒಬ್ಬರ ಹಟ ಮುರಿಯಿತು. ಮೊದಲನೆಯದು ಚಿಕ್ಕಪ್ಪನ ಪಾಠ, ಎರಡನೆಯದು ಅಪ್ಪನ ಪಾಠ. ಎರಡರಲ್ಲೂ ತುಸು ಸತ್ಯವಿದೆ. ಪ್ರಧಾನಿಯ ಮಾತು ಮೀರಿ ಅಭ್ಯರ್ಥಿಯನ್ನು ಹೇರಿದವರ ಉದ್ದೇಶ ರಾಷ್ಟ್ರಪತಿಯನ್ನು ಆರಿಸುವುದಷ್ಟೇ ಆಗಿರಲಿಲ್ಲ, ಪ್ರಧಾನಿಯ ಮೂಗುದಾರ ಹಿಡಿಯುವುದೂ ಆಗಿತ್ತು. ಬ್ಯಾಂಕು ನಮ್ಮ ಹೋಬಳಿಗೆ ಬಂದದ್ದೂ ಚಿಕ್ಕಪ್ಪನಿಗೆ ಪಂಪ್‌ಸೆಟ್ಟಿಗೆ ಸಾಲ ಸಿಕ್ಕಿದ್ದೂ ರಾಷ್ಟ್ರೀಕರಣದ ಮೇಲೆಯೇ. ಆ ನೀರಿನಲ್ಲಿ ಬೆಳೆದ ತೆಂಗಿನಕಾಯಿಯನ್ನು ನಾನೂ ತಿಂದಿದ್ದೇನೆ. ಇಲ್ಲವೆನ್ನಲಾರೆ.

ಆದರೆ ಆತ್ಮಸಾಕ್ಷಿ? ಅದನ್ನು ಇದರಲ್ಲಿ ಎಳೆದು ತರಬೇಡಿ. ಮೇಲಿನಿಂದ ಅಪ್ಪಣೆಯಾದ ಮೇಲೆ ಎಚ್ಚೆತ್ತುಕೊಳ್ಳುವುದು ಆತ್ಮಸಾಕ್ಷಿಯಲ್ಲ. ವಿಪ್‌ಗೆ ತಲೆಬಾಗುವುದೂ ಅಪ್ಪಣೆ, ಆತ್ಮಸಾಕ್ಷಿಯಿಂದ ಮತ ಹಾಕಿ ಎಂದರೆ ಹೂಂ ಎನ್ನುವುದೂ ಅಪ್ಪಣೆಯೇ. ಅವರಿಗೆ ರೆಡ್ಡಿಯವರು ನಿಜವಾಗಿ ಬೇಡವಾಗಿದ್ದರೆ ಎಂಟು ವರ್ಷದಲ್ಲಿ ಏನಾಯಿತು? 1977ರಲ್ಲಿ ಅದೇ ಸಂಜೀವ ರೆಡ್ಡಿಯವರು ಕಾಂಗ್ರೆಸ್ಸನ್ನೂ ಸೇರಿಸಿ ಎಲ್ಲ ಪಕ್ಷಗಳ ಒಪ್ಪಿಗೆಯಿಂದ ಅವಿರೋಧವಾಗಿ ರಾಷ್ಟ್ರಪತಿಯಾದರು. ಮನುಷ್ಯ ಅದೇ, ಸಾಕ್ಷಿ ಬೇರೆ!

ಇದರಲ್ಲಿ ನನ್ನನ್ನು ಬಹಳ ಕಾಡುವ ಸಂಗತಿ ಇನ್ನೊಂದಿದೆ. ಆ ಮೂವರು ಅಭ್ಯರ್ಥಿಗಳ ಬಾಳನ್ನು ನೋಡಿ. ಬ್ಯಾಂಕ್ ನೌಕರರ ಪರವಾದ ತೀರ್ಪನ್ನು ಸರ್ಕಾರ ತಿದ್ದಿತೆಂದು 1954ರಲ್ಲಿ ನೆಹರೂ ಸಂಪುಟದಿಂದ ಹೊರಬಂದವರು ಕಾರ್ಮಿಕ ಸಚಿವ ಗಿರಿ. ಮುಂಬಯಿ ನಗರದ ಪ್ರಶ್ನೆಯಲ್ಲಿ 1956ರಲ್ಲಿ ಅದೇ ಸಂಪುಟ ಬಿಟ್ಟವರು ಹಣಕಾಸು ಸಚಿವ ದೇಶಮುಖ್. ಬಸ್ ಮಾರ್ಗಗಳ ರಾಷ್ಟ್ರೀಕರಣದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆಡಿದ ಮಾತಿಗಾಗಿ 1964ರಲ್ಲಿ ಆಂಧ್ರದ ಮುಖ್ಯಮಂತ್ರಿ ಕುರ್ಚಿ ಬಿಟ್ಟವರು ಸಂಜೀವ ರೆಡ್ಡಿ. ಮೂವರೂ ಒಂದೊಂದು ಸಲ ಹಗಲು ಬೆಳಕಿನಲ್ಲಿ, ಹೆಸರು ಹಾಕಿ, ಕುರ್ಚಿ ಕಳೆದುಕೊಂಡವರು. ಆತ್ಮಸಾಕ್ಷಿ ಎಂದರೆ ಅದು. ಅಂಥ ಮೂವರ ಭವಿಷ್ಯವನ್ನು ನಿರ್ಧರಿಸಿದವರು ಮಾತ್ರ ಪರದೆಯ ಹಿಂದೆ ನಿಂತಿದ್ದರು. ಅಷ್ಟೇ ಅಲ್ಲ, ರೆಡ್ಡಿಯವರ ಶೀಲದ ಮೇಲೆ ಕೆಸರೆರಚುವ, ಹೆಸರಿಲ್ಲದ ಕರಪತ್ರವೊಂದು ಆಗ ಸಂಸದರ ಕೈಯಿಂದ ಕೈಗೆ ಓಡಾಡಿತು. ಅದು ಸುಪ್ರೀಂ ಕೋರ್ಟಿನವರೆಗೆ ಹೋಗಿ, 1970ರಲ್ಲಿ ರಾಷ್ಟ್ರಪತಿ ಗಿರಿಯವರೇ ಸಾಕ್ಷಿ ಹೇಳಲು ಕೋರ್ಟಿಗೆ ಬರಬೇಕಾಯಿತು. ತಕರಾರು ಅರ್ಜಿ ವಜಾ ಆಯಿತು, ನಿಜ. ಆದರೆ ಆತ್ಮಸಾಕ್ಷಿಯ ಹಬ್ಬದಲ್ಲಿ ಹಂಚಿದ ಪ್ರಸಾದ ಎಂಥದೆಂದು ಎಲ್ಲರಿಗೂ ತಿಳಿಯಿತು.

ಆದ್ದರಿಂದ ನನ್ನ ಬೇಡಿಕೆ ಸರಳ. ರಾಷ್ಟ್ರಪತಿ ಚುನಾವಣೆಯಲ್ಲಿ ಶಾಸಕರ, ಸಂಸದರ ಮತ ಬಹಿರಂಗವಾಗಲಿ. ಈ ಚುನಾವಣೆಗೆ ಪಕ್ಷಗಳು ವಿಪ್ ಕೊಡುವಂತಿಲ್ಲ ಎಂದು ಚುನಾವಣಾ ಆಯೋಗವೇ ಹೇಳಿದೆ. ಒಳ್ಳೆಯದು, ಹಾಗೆಯೇ ಇರಲಿ. ರಾಜ್ಯಸಭೆಗೆ 2003ರಲ್ಲಿ ಮಾಡಿದ ಹಾಗೆ ಪಕ್ಷದ ಏಜೆಂಟನಿಗೆ ಚೀಟಿ ತೋರಿಸುವ ಪದ್ಧತಿ ನಾನು ಕೇಳುತ್ತಿಲ್ಲ. ತೋರಿಸಬೇಕಾದದ್ದು ನಮಗೆ. ಪಕ್ಷ ಶಿಕ್ಷಿಸಕೂಡದು, ಮತದಾರ ಪ್ರಶ್ನಿಸಬೇಕು. ಇದಕ್ಕೆ ಸಂವಿಧಾನದ 55ನೆಯ ವಿಧಿಯನ್ನೇ ತಿದ್ದಬೇಕಾಗುತ್ತದೆ, ಗೊತ್ತಿದೆ. ಅದಕ್ಕಿಂತ ಸಣ್ಣ ಕಾರಣಗಳಿಗೆ ಸಂವಿಧಾನ ತಿದ್ದಿದ್ದೇವೆ.

ಗುಪ್ತ ಮತದಾನ ಪ್ರಜಾಪ್ರಭುತ್ವದ ಉಸಿರಲ್ಲವೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಉಸಿರು ಹೌದು, ಯಾರಿಗೆ? ನಮ್ಮ ಅಮ್ಮನಿಗೆ. 1971ರ ಲೋಕಸಭಾ ಚುನಾವಣೆಯಲ್ಲಿ ಜೋಡೆತ್ತಿನ ಹಳೆಯ ಗುರುತು ಇರಲಿಲ್ಲ. ಗೋಡೆಯ ಈಚೆ ಚರಕ ತಿರುಗಿಸುವ ಹೆಂಗಸು, ಆಚೆ ಹಸು-ಕರು. ಮೈಸೂರು ರಾಜ್ಯದ 27 ಸ್ಥಾನಗಳೂ ಹಸು-ಕರುವಿನ ಪಾಲಾದವು. ಅಮ್ಮ ಯಾವುದಕ್ಕೆ ಒತ್ತಿದಳೆಂದು ಅಪ್ಪ ಸಾಯುವವರೆಗೂ ತಿಳಿಯಲಿಲ್ಲ. ನಾನು ದೊಡ್ಡವಳಾಗಿ ಕೇಳಿದರೆ, “ಅದು ನನಗೂ ಪೆಟ್ಟಿಗೆಗೂ ಸೇರಿದ್ದು ಕಣೇ” ಎಂದಳು. ಗಂಡನ ಅನ್ನ ಉಂಡು ಮೈದುನನ ಮನೆಗೆ ಗೋಡೆಯ ಮೇಲಿಂದ ಮಜ್ಜಿಗೆ ದಾಟಿಸುತ್ತಿದ್ದ ಹೆಂಗಸಿಗೆ ಗುಟ್ಟು ಬೇಕಿತ್ತು. ಆಳಿಗೆ ಧಣಿಯಿಂದ, ಬಡವನಿಗೆ ಸಾಲ ಕೊಟ್ಟವನಿಂದ ರಕ್ಷಣೆ ಬೇಕು. ಅದು ನಿರ್ಬಲರ ಗುರಾಣಿ. ಶಾಸಕರು ನಿರ್ಬಲರೇ? ಅವರ ಕೈಯಲ್ಲಿರುವುದು ಅವರ ಸ್ವಂತ ಮತವೂ ಅಲ್ಲ. ಅದರ ಮೌಲ್ಯವನ್ನು ಲೆಕ್ಕ ಹಾಕುವುದೇ ನಮ್ಮ ತಲೆ ಎಣಿಸಿ. ನಮ್ಮ ತಲೆಗಳನ್ನು ಯಾರಿಗೆ ಕೊಟ್ಟಿರಿ ಎಂದು ಕೇಳಿದರೆ ತಪ್ಪೇನು?

ಅಪ್ಪ ತೀರಿಕೊಂಡ ದಿನ ಚಿಕ್ಕಪ್ಪ ಗೋಡೆ ಸುತ್ತಿ ಬಂದು ಹೆಗಲು ಕೊಟ್ಟರು. ಅಷ್ಟು ಹೊತ್ತಿಗೆ ಎರಡು ಕಾಂಗ್ರೆಸ್ಸುಗಳಲ್ಲಿ ಅಪ್ಪನದು ಇಲ್ಲವಾಗಿ ಎಷ್ಟೋ ವರ್ಷವಾಗಿತ್ತು. ಚಿಕ್ಕಪ್ಪನದು ಹಸು-ಕರು ಬಿಟ್ಟು ಕೈ ಗುರುತು ಹಿಡಿದಿತ್ತು. ಇವರಿಬ್ಬರೂ ತಾವು ಯಾರ ಕಡೆ ಎಂದು ಊರೆದುರು ಹೇಳಿ, ಅದಕ್ಕೆ ಬೆಲೆ ತೆತ್ತವರು. ಮತದ ಹಕ್ಕೇ ಇಲ್ಲದಿದ್ದ ಚುನಾವಣೆಗೆ ಅಣ್ಣತಮ್ಮಂದಿರು ಇಷ್ಟು ತೆತ್ತರು. ಹಕ್ಕಿದ್ದವರು ಹೆಸರನ್ನಾದರೂ ಹೇಳಲಿ.