12ನೆಯ ಮೆಟ್ಟಿಲು

ನಿವೃತ್ತನಾಗಿ ಯಮನೂರಿಗೆ ಬಂದಮೇಲೆ, 40 ವರ್ಷ ಬಿಟ್ಟಿದ್ದ ಗಿಟಾರ್ ಮತ್ತೆ ಹಿಡಿದಿದ್ದೇನೆ. ಮಕ್ಕಳೇ, ಉಕ್ಕಿನ ತಂತಿ ಒತ್ತಿದರೆ ಮೊದಮೊದಲು ಬೆರಳತುದಿ ಉರಿಯುತ್ತದೆ. ದಿನಾ 10 ನಿಮಿಷ ನುಡಿಸಿ, ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ. ನನ್ನ ಉಂಗುರಬೆರಳು ಮಾತ್ರ ಬಾಗಲೊಲ್ಲದು. ವಯಸ್ಸಲ್ಲವೇ!

ಮೊನ್ನೆ ಮೊಮ್ಮಗಳು ಟೇಪು ಹಿಡಿದು ತಂತಿ ಅಳೆದಳು. 12ನೆಯ ಮೆಟ್ಟಿಲು ಸರಿಯಾಗಿ ನಡುವೆ! ಅಲ್ಲಿ ಒತ್ತಿದರೆ ಮಿಡಿಯುವ ತಂತಿ ಅರ್ಧವಾಗುತ್ತದೆ, ಕಂಪನ ಇಮ್ಮಡಿಯಾಗುತ್ತದೆ, ಮೇಲಿನ ‘ಸ’ ಕೇಳುತ್ತದೆ. ಧಾರವಾಡದಲ್ಲಿ ನೆಲೆಸಿದ್ದ ರಹಿಮತ್ ಖಾನರ ಸಿತಾರಕ್ಕೂ ಇದೇ ಲೆಕ್ಕ.

ಸಂಜೆ ಬೆಣ್ಣಿಹಳ್ಳದ ಕಡೆ ಅಡ್ಡಾಡಿ ಬಂದು ಕಟ್ಟೆಯ ಮೇಲೆ ಕೂರುತ್ತೇವೆ. ಉಂಗುರಬೆರಳಿನ ಸ್ವರ ಬಂದಾಗ ಅವಳು ಒತ್ತುತ್ತಾಳೆ, ನಾನು ಮೀಟುತ್ತೇನೆ. ಈ ವಾರ ಅವಳಿಗೆ ಪರೀಕ್ಷೆ. ಅಲ್ಲಿಯತನಕ ಆ ಸ್ವರದ ಜಾಗ ಖಾಲಿ ಬಿಟ್ಟೇ ನುಡಿಸುತ್ತಿದ್ದೇನೆ.