ಮುಗಿಸಿರುವ ನಾಳೆ

ಫ್ರೆಂಚ್ ಭಾಷೆಯ ‘ಫ್ಯುತ್ಯೂರ್ ಆಂತೇರಿಯರ್’ ನಮ್ಮ ವಿದ್ಯಾರ್ಥಿಗಳಿಗೆ ಕಠಿನವಾಗಿ ತೋರುವುದಕ್ಕೆ ಅದರ ರೂಪ ಕಾರಣವಲ್ಲ. ಇಂಗ್ಲಿಷಿನ ಮೂಲಕ ಅದನ್ನು ಕಲಿಸುವ ಪದ್ಧತಿಯೇ ಕಾರಣವೆಂದು ನನ್ನ ಮತ.

‘ಅವ್ವಾರ್’ ಅಥವಾ ‘ಎತ್ರ್’ ಧಾತುವಿನ ಭವಿಷ್ಯದ್ರೂಪದೊಡನೆ ಭೂತಕೃದಂತ ಸೇರಿದರೆ ಅದು ಸಿದ್ಧ. ‘ಜೊರೇ ಫಿನಿ’ ಎಂದರೆ ‘ಮುಗಿಸಿರುವೆನು’. ನಮ್ಮಲ್ಲಿಯೂ ಕೃದಂತಕ್ಕೆ ‘ಇರು’ ಧಾತುವಿನ ಭವಿಷ್ಯದ್ರೂಪವೇ ಸೇರಿದೆಯಷ್ಟೆ.

ಆದರೆ ‘ಕಾಂ ಜೊರೇ ಫಿನಿ, ಜ ಸೊರ್ತಿರೇ’ (ಮುಗಿಸಿದ ಮೇಲೆ ಹೊರಡುವೆನು) ಎಂಬಲ್ಲಿ ಇಂಗ್ಲಿಷು ಮೊದಲ ಕ್ರಿಯೆಯನ್ನು ವರ್ತಮಾನಕ್ಕೆ ಎಳೆಯುತ್ತದೆ. ಫ್ರೆಂಚು ಎರಡನ್ನೂ ಭವಿಷ್ಯದಲ್ಲಿಯೇ ಇರಿಸಿ ಪೂರ್ವಾಪರವನ್ನು ತೋರುತ್ತದೆ. ಇಂಗ್ಲಿಷನ್ನು ಅನುಸರಿಸಿದವನು ಇಲ್ಲಿಯೇ ಎಡವುವನು.

‘ಇಲ್ ಓರಾ ಮಾಂಕೇ ಲ ತ್ರ್ಯಾಂ’ ಎಂಬುದು ಊಹೆ: ಅವನಿಗೆ ರೈಲು ತಪ್ಪಿದ್ದೀತು. ಸಂಭಾವನಾರೂಪವನ್ನು ಬಲ್ಲ ಕನ್ನಡಿಗನಿಗೆ ಇದೇನು ಹೊಸತೆ? ಅಧ್ಯಾಪಕರು ಕನ್ನಡದಿಂದಲೇ ಪಾಠವನ್ನಾರಂಭಿಸಲಿ.